ಮನೆಯಲ್ಲಿ ವಿಚಾರಿಸಿ ಅಂದ ಅಂಗಡಿ

ಸರ್ವಮಂಗಳಮ್ಮನವರದು ಗಂಟಲಲ್ಲ, ಮೈಕು ಎಂದು ಡ್ರೈವರ್ ಶಂಕರಲಿಂಗಪ್ಪ ಸಿಕ್ಕವರಿಗೆಲ್ಲ ಹೇಳುತ್ತಾನೆ. ಹೇಳುವ ಹಕ್ಕು ಅವನಿಗಿದೆ, ಅವರ ಬಸ್ಸು ಓಡಿಸುವವನು ಅವನೇ. ಮಧುಗಿರಿ ಡಿಪೋದಲ್ಲಿ ಅವರು ಕಂಡಕ್ಟರ್ ಆಗಿ ಇಪ್ಪತ್ತು ವರ್ಷ ದಾಟಿತು. ಬೆಳಗ್ಗೆ ಶಿರಾಕ್ಕೆ ಹೋಗಿಬರುವುದು, ಮಧ್ಯಾಹ್ನದ ಮೇಲೆ ಪಾವಗಡ. ಮುಂದಿನ ಬಾಗಿಲಲ್ಲಿ ನಿಂತು ಅವರು “ಬಡವನಹಳ್ಳಿ ಯಾರ್ರೀ” ಅಂದರೆ, ಕೊನೆಯ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದವನೂ ತಡಬಡಿಸಿ ಎದ್ದು ಚೀಲ ಹುಡುಕುತ್ತಾನೆ. ಪಾವಗಡದ ಕಡೆ ಹೊರಟರೆ ಅದೇ ದನಿ ಅರ್ಧ ತೆಲುಗಿಗೆ ತಿರುಗುತ್ತದೆ. ಬಸ್ಸಿನಲ್ಲಿ ಮೆಲ್ಲಗೆ ಮಾತಾಡಿದರೆ ಯಾರಿಗೆ ಕೇಳಬೇಕು? ಹಾಗಾಗಿ ಮನೆಯಲ್ಲೂ ಗಟ್ಟಿ, ದೇವರ ಮುಂದೆಯೂ ಗಟ್ಟಿ. ಗಂಡ ನಂದೀಶ್ವರಯ್ಯ ವೀರಭದ್ರಸ್ವಾಮಿ ಗುಡಿಯಲ್ಲಿ ಪೂಜೆ ಮಾಡುವವರು, ಮಾತು ಕಮ್ಮಿ. ಆ ಮನೆಗೆ ಬೇಕಾದಷ್ಟು ಮಾತನ್ನು ಹೆಂಡತಿಯೇ ಆಡಿ ಮುಗಿಸುತ್ತಾರೆ.

ಮಗ ಪ್ರಸನ್ನಕುಮಾರನಿಗೆ ಪಾವಗಡದ ಸೋಲಾರ್ ಪಾರ್ಕಿನಲ್ಲಿ ಕೆಲಸ, ವಾರಕ್ಕೊಮ್ಮೆ ಮನೆ. ಸೊಸೆ ಜ್ಯೋತಿಲಕ್ಷ್ಮಿ ಕೊರಟಗೆರೆಯ ಹುಡುಗಿ. ಅತ್ತೆ ಬೆಳಗ್ಗೆ ಡ್ಯೂಟಿಗೆ ಹೊರಟರೆ ಬ್ಯಾಂಕು, ಎಟಿಎಂ, ಕರೆಂಟ್ ಬಿಲ್ಲು, ಗ್ಯಾಸು ಎಲ್ಲ ಅವಳದೇ ಉಸ್ತುವಾರಿ. ಕಾರ್ಡಿನ ಪಿನ್ ಆ ಮನೆಯಲ್ಲಿ ಗೊತ್ತಿದ್ದದ್ದು ಅತ್ತೆ ಸೊಸೆ ಇಬ್ಬರಿಗೇ. “ನನ್ ಮಗಂಗೆ ಹೇಳ್ಬುಟ್ರೆ ಅಷ್ಟೂ ಬೈಕಿಗೆ ಸುರೀತಾನೆ, ಇವಳತ್ರ ಇದ್ರೆ ಬ್ಯಾಂಕಲ್ಲಿದ್ದಂಗೆ” ಎಂದು ಸರ್ವಮಂಗಳಮ್ಮ ಬೀದಿಯವರ ಮುಂದೆಲ್ಲ ಹೇಳಿಕೊಂಡಿದ್ದರು. ಆ ಮಾತು ಕೇಳಿದಾಗಲೆಲ್ಲ ಹುಡುಗಿಯ ಮುಖ ಅರಳುತ್ತಿತ್ತು.

ಈಗ ಅವಳಿಗೆ ಏಳು ತಿಂಗಳು. ಸೀಮಂತ ಮಾಡಿದರೆ ತವರಿನವರು ಬಂದು ಬಾಣಂತನಕ್ಕೆ ಕರೆದೊಯ್ಯುತ್ತಾರೆ. ಅಷ್ಟರೊಳಗೆ ಒಂದು ವಾಷಿಂಗ್ ಮಷೀನು ತರಬೇಕು ಎಂಬುದು ಸರ್ವಮಂಗಳಮ್ಮನ ಹಟ. ಆ ಹೊಟ್ಟೆ ಹೊತ್ತುಕೊಂಡು ಹುಡುಗಿ ಒಗೆಯುವ ಕಲ್ಲಿನ ಮುಂದೆ ಬಗ್ಗುವುದನ್ನು ನೋಡಿದರೆ ಅವರಿಗೆ ಕರುಳು ಚುರ್ ಅನ್ನುತ್ತಿತ್ತು.

ಶಿರಾ ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ದೊಡ್ಡ ಗಾಜಿನ ಅಂಗಡಿ. ಟಿವಿ, ಫ್ರಿಜ್ಜು, ಮಿಕ್ಸಿ ಎಲ್ಲ ಸಿಗುತ್ತದೆ. ಅದರ ಹೆಸರು ಇಲ್ಲಿ ಬೇಡ, ಊರೂರಿನ ಗೋಡೆ ಮೇಲೆ ಬರೆಸಿಕೊಂಡಿದ್ದಾರೆ, ಇಲ್ಲಿ ಬೇರೆ ಪುಕ್ಕಟೆ ಪ್ರಚಾರ ಯಾಕೆ. ಒಂದು ಬೆಳಗ್ಗೆ ಬಸ್ಸು ಶಿರಾದಲ್ಲಿ ನಿಂತ ಹೊತ್ತಿನಲ್ಲೇ ಸರ್ವಮಂಗಳಮ್ಮ ಯೂನಿಫಾರಂನಲ್ಲೇ ಅಲ್ಲಿಗೆ ನುಗ್ಗಿದರು. ಮಷೀನು ಮೊದಲೇ ನೋಡಿಟ್ಟಿದ್ದರು, ಚೌಕಾಸಿಯೂ ಮುಗಿದಿತ್ತು. ಬಿಲ್ಲಿಂಗಿನಲ್ಲಿದ್ದವನು ಕಾರ್ಡು ತೆಗೆದುಕೊಂಡು, “ಒಳಗೆ ಸಿಗ್ನಲ್ ಸಿಗಲ್ಲ ಮೇಡಂ” ಎಂದು ಸ್ವೈಪ್ ಮಷೀನು ಹಿಡಿದು ಬಾಗಿಲ ಹತ್ತಿರ ಹೋದ. ಇವರು ಇನ್ನೊಂದು ಮೇಜಿನಲ್ಲಿ ಡೆಲಿವರಿಗೆ ಮನೆ ವಿಳಾಸ ಬರೆಸುತ್ತಿದ್ದರು. ಹೊರಗೆ, ಬಸ್ಸು ಹೊರಡುವ ಹೊತ್ತಾಗಿ, ಶಂಕರಲಿಂಗಪ್ಪ ಹಾರನ್ ಒತ್ತುತ್ತಿದ್ದ.

“ಪಿನ್ ಏನ್ ಮೇಡಂ” ಎಂದು ಬಾಗಿಲಿಂದ ಅವನು ಕೇಳಿದ.

ಬೇರೆ ಯಾರಾದರೂ ಆಗಿದ್ದರೆ ಎದ್ದು ಹೋಗಿ ಒತ್ತುತ್ತಿದ್ದರು. ಸರ್ವಮಂಗಳಮ್ಮ ಕೂತಲ್ಲಿಂದಲೇ, ಸ್ಟಾಪಿನ ಹೆಸರು ಕೂಗುವ ಹಾಗೆ, ನಾಲ್ಕು ಅಂಕಿಯನ್ನೂ ಬಿಡಿಬಿಡಿಯಾಗಿ ಕೂಗಿಬಿಟ್ಟರು. ಫ್ಯಾನು ನೋಡುತ್ತಿದ್ದವರೆಲ್ಲ ತಿರುಗಿ ನೋಡಿದರು. “ನಾನು ಸ್ಟೇರಿಂಗ್ ಮುಂದೆ ಕೂತಿದ್ದೆ, ನಂಗೇ ಕೇಳಿಸ್ತು ಕಣಕ್ಕ” ಎಂದು ಶಂಕರಲಿಂಗಪ್ಪ ಆಮೇಲೆ ಹೇಳಿದ್ದುಂಟು. ಬಿಲ್ಲಿಂಗಿನವನು ವಾಪಸ್ಸು ಕೊಟ್ಟ ಕಾರ್ಡನ್ನು ಇವರು ನೋಡದೆಯೇ ಚರ್ಮದ ಚೀಲಕ್ಕೆ ತುರುಕಿ ಓಡಿದರು. ಕಂಡಕ್ಟರು ಕೈಗೆ ಬಂದದ್ದನ್ನು ಕಣ್ಣಲ್ಲಿ ನೋಡುವುದಿಲ್ಲ, ಬೆರಳಲ್ಲೇ ನೋಡುತ್ತಾರೆ. ನೋಟಾದರೆ ಬೆರಳಿಗೆ ಗೊತ್ತಾಗುತ್ತದೆ. ಪ್ಲಾಸ್ಟಿಕ್ಕು ಎಲ್ಲ ಒಂದೇ.

ಮಷೀನು ಮಾತ್ರ ಹೇಳಿದ ದಿನವೇ ಮನೆಗೆ ಬಂತು. ಜ್ಯೋತಿಲಕ್ಷ್ಮಿ ಅದಕ್ಕೆ ಅರಿಶಿನ ಕುಂಕುಮ ಇಟ್ಟಳು. ಕಾರ್ಡು ಎಂದಿನಂತೆ ಅವಳ ಕೀಲಿಯ ಬೀರು ಸೇರಿತು.

ಎರಡು ದಿನ ಬಿಟ್ಟು ಪಾವಗಡದ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಸರ್ವಮಂಗಳಮ್ಮ ಫೋನು ತೆಗೆದರು. ದಿನವೂ ಸಾಲ ಕೊಡುತ್ತೇವೆ ಎಂದು ಬರುವ ಮೆಸೇಜುಗಳ ನಡುವೆ ಬ್ಯಾಂಕಿನವೂ ಇದ್ದವು. ನಿನ್ನೆ ಒಂದಷ್ಟು, ಇವತ್ತು ಒಂದಷ್ಟು, ಎಟಿಎಂನಿಂದ ದುಡ್ಡು ತೆಗೆದಾಗಿತ್ತು. ಸೀಮಂತಕ್ಕೆ, ಬಾಣಂತನಕ್ಕೆ ಎಂದು ಕೂಡಿಟ್ಟ ನಲವತ್ತೆಂಟು ಸಾವಿರ ಹೋಗಿ, ಖಾತೆಯಲ್ಲಿ ಚಿಲ್ಲರೆ ಉಳಿದಿತ್ತು. ಎಲ್ಲಿ ತೆಗೆದರು ಎಂಬ ಜಾಗದಲ್ಲಿ ತಲೆಬುಡವಿಲ್ಲದ ನಂಬರು. ಅಲ್ಲೇ ನಿಂತು ಬ್ಯಾಂಕಿಗೆ ಫೋನು ಮಾಡಿ ಕಾರ್ಡು ಬಂದ್ ಮಾಡಿಸಿದರು. ಅವತ್ತು ವಾಪಸ್ಸು ಬರುವಾಗ ಎರಡು ಸಲ ಚಿಲ್ಲರೆ ತಪ್ಪು ಕೊಟ್ಟರು.

ಮರುದಿನ ಬಸ್ಸು ಶಿರಾ ಮುಟ್ಟಿದ್ದೇ ತಡ ಅಂಗಡಿಗೆ ಹೋದರು. ಅವರಿಗೆ ಅನುಮಾನ ಇದ್ದದ್ದು ಅಲ್ಲೇ, ಪಿನ್ ಕೂಗಿದ್ದು ಅಲ್ಲಿ ಮಾತ್ರ. ಬಿಲ್ಲಿಂಗಿನಲ್ಲಿ ಬೇರೆ ಯಾರೋ ಕೂತಿದ್ದ. ಮ್ಯಾನೇಜರ್ ಗೌರೀಶ್ ಎಂಬವನು ಟೈ ಕಟ್ಟಿಕೊಂಡು ಬಂದ. ಮಷೀನು ಮಾರುವಾಗ ಇದೇ ಗೌರೀಶ್ ಕುರ್ಚಿ ಎಳೆದು ಕೂರಿಸಿ, ತಂಪು ನೀರು ಕೊಟ್ಟು, ಮೊಮ್ಮಗು ಹುಟ್ಟುತ್ತೆ ಅಂದಾಗ ಕಂಗ್ರಾಜುಲೇಷನ್ಸ್ ಬೇರೆ ಹೇಳಿದ್ದ. ಇವತ್ತು ಕುರ್ಚಿಯೂ ಇಲ್ಲ, ನೀರೂ ಇಲ್ಲ. ಮಾತು ಮುಗಿಯುವ ಮೊದಲೇ ಕೇಳಿದ.

“ಪಿನ್ ಯಾರ್ಯಾರಿಗೆ ಗೊತ್ತು ಮೇಡಂ?”

“ನಂಗೆ, ನಮ್ ಸೊಸೆಗೆ.”

ಅವನು ಪಕ್ಕದಲ್ಲಿದ್ದವನ ಮುಖ ನೋಡಿ ನಕ್ಕ. “ಹಂಗಾದ್ರೆ ಮನೇಲಿ ಒಂದ್ಸಲ ವಿಚಾರಿಸಿ ಮೇಡಂ. ಇಂಥವು ನಾವು ಎಷ್ಟು ನೋಡಿಲ್ಲ. ಮೊದ್ಲು ಅಂಗಡಿ ಮೇಲೆ ಬರ್ತಾರೆ, ಕೊನೆಗೆ ನೋಡಿದ್ರೆ ಮನೆಯೋರೇ ಆಗಿರ್ತಾರೆ.”

“ಕ್ಯಾಮೆರಾ ಐತಲ್ಲ ಮೇಲೆ, ಅದುನ್ನ ತೋರ್ಸಿ.”

“ಅದಕ್ಕೆ ಹೆಡ್ ಆಫೀಸ್ ಪರ್ಮಿಷನ್ ಬೇಕು. ಟೋಲ್ ಫ್ರೀ ನಂಬರಿಗೆ ಕಂಪ್ಲೇಂಟ್ ಕೊಡಿ.”

ಗಿರಾಕಿಗಳೆಲ್ಲ ನೋಡುತ್ತಿದ್ದರು. ಕುಡುಕರನ್ನು ಕೊರಳಪಟ್ಟಿ ಹಿಡಿದು ಬಸ್ಸಿಂದ ಇಳಿಸಿದ ಹೆಂಗಸು, ಅಲ್ಲಿ ಒಂದು ಮಾತೂ ಆಡಲಾಗದೆ ಹೊರಗೆ ಬಂದರು. ಆಡಬೇಕಿತ್ತು ಎಂದು ಈಗಲೂ ಹಲ್ಲು ಕಡಿಯುತ್ತಾರೆ.

ಟೋಲ್ ಫ್ರೀಯ ಕಥೆಯೂ ಕೇಳಬೇಕು. ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ. ಮಾರುವಾಗ ಕನ್ನಡ, ಗೋಡೆ ಮೇಲೆ ಕನ್ನಡ, ಹಬ್ಬದ ಶುಭಾಶಯ ಕನ್ನಡ. ದೂರು ಹೇಳಬೇಕಾದರೆ ಕನ್ನಡಕ್ಕೆ ಗುಂಡಿಯೇ ಇಲ್ಲ. ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಹೇಳಿ, ಸಂಗೀತ ಹಾಕಿ, ಕೊನೆಗೆ ತಾನೇ ಕಟ್ಟಾಯಿತು. ಅಷ್ಟು ಅಮೂಲ್ಯವಾದರೆ ಎತ್ತಿಕೊಳ್ಳುವುದಕ್ಕೆ ಏನು ಧಾಡಿ?

ಆದರೆ ಗೌರೀಶನ ಮಾತು ಕಿವಿಯಲ್ಲಿ ಕೂತುಬಿಟ್ಟಿತ್ತು. ಸಂಜೆ ಬಸ್ಸು ಮಧುಗಿರಿ ಹತ್ತಿರವಾದಂತೆ, ಜ್ಯೋತಿಯ ತಮ್ಮ ಕೊರಟಗೆರೆಯಲ್ಲಿ ಮೊಬೈಲ್ ಅಂಗಡಿ ಹಾಕುತ್ತಾನಂತೆ ಎಂದು ಯಾವಾಗಲೋ ಕೇಳಿದ್ದು ನೆನಪಾಯಿತು. ಅದು ನೆನಪಾದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಹೇಸಿಗೆಯಾದರೂ ಅನುಮಾನ ಹೋಗಲಿಲ್ಲ.

ಮನೆಗೆ ಬಂದವರು ಚಪ್ಪಲಿ ಬಿಡುತ್ತಲೇ ಕೇಳಿದರು. “ಜ್ಯೋತಿ, ಈ ಎರಡು ದಿನದಾಗೆ ನೀನೇನಾರ ಎಟಿಎಂಗೆ ಹೋಗಿದ್ದೇನಮ್ಮ?”

ಕೇಳಿದ್ದು ಅಷ್ಟೇ. ಆದರೆ ಆ ಮನೆಯಲ್ಲಿ ಅವತ್ತಿನ ತನಕ ಯಾವ ಮಾತೂ ಅಷ್ಟು ಮೆಲ್ಲಗೆ ಬಂದಿರಲಿಲ್ಲ. ಹುಡುಗಿ “ಇಲ್ಲ ಅತ್ತೆ” ಅಂದಳು. ಆಮೇಲೆ ಒಳಗೆ ಹೋಗಿ ತನ್ನ ಪರ್ಸು ತಂದು, ಯಾರೂ ಹೇಳದೆಯೇ, ಚಾಪೆಯ ಮೇಲೆ ಸುರಿದಳು. ಹತ್ತಿಪ್ಪತ್ತರ ನೋಟುಗಳು, ತಲೆಪಿನ್ನು, ಡಾಕ್ಟರ ಚೀಟಿ, ಕಬ್ಬಿಣದ ಮಾತ್ರೆ. ಬೀರುವಿನ ಕೀಲಿಯನ್ನೂ ಪಕ್ಕದಲ್ಲಿಟ್ಟಳು.

“ಇದೇನಮ್ಮ, ನಾನೇನ್ ಅಂಗಂದ್ನಾ?”

“ನೋಡ್ಕಂಬುಡಿ ಅತ್ತೆ. ನನ್ ಬಟ್ಟೆ ಟ್ರಂಕೂ ಅಲ್ಲೇ ಐತೆ.”

ನಂದೀಶ್ವರಯ್ಯ ಜಗುಲಿಯಿಂದ ಎದ್ದು ಬಂದು ಚಾಪೆಯನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದರು. “ಯಾಕಿಂಗ್ ಮಾಡ್ದೆ” ಅಂದರು. ಆ ಮಾತೇ ಸಾಕಾಗಿತ್ತು. ಸರ್ವಮಂಗಳಮ್ಮನಿಗೆ ಹಾಗೆ ಸುರಿದ ಚೀಲ ಹೊಸದಲ್ಲ. ಚೆಕಿಂಗಿನವರು ನಡುರಸ್ತೆಯಲ್ಲಿ ಬಸ್ಸು ಹತ್ತಿ, ತುಂಬಿದ ಜನರ ಮುಂದೆ ಕಂಡಕ್ಟರ ಚೀಲ ಸುರಿಸಿ ಎಣಿಸುತ್ತಾರೆ. ಲೆಕ್ಕ ಸರಿ ಇದ್ದರೂ ಇಳಿದುಹೋಗುವಾಗ ತಪ್ಪಾಯ್ತು ಅಂತ ಯಾರೂ ಹೇಳಿದ್ದಿಲ್ಲ. ಅಂಥ ದಿನಗಳಲ್ಲಿ ಮನೆಗೆ ಬಂದು ಊಟ ಬಿಟ್ಟು ಮಲಗಿದ್ದುಂಟು. ಈಗ ಅದನ್ನೇ ತಾನು ಒಬ್ಬ ಬಸುರಿ ಹುಡುಗಿಗೆ ಮಾಡಿದ್ದರು.

ಬೆಳಗ್ಗೆ ರಜಾ ಹಾಕಿ ಬ್ಯಾಂಕಿಗೆ ಹೋದರು. ಕೌಂಟರಿನ ಹುಡುಗಿ ಕಾರ್ಡು ತೆಗೆದುಕೊಂಡು ಕಂಪ್ಯೂಟರ್ ನೋಡಿದಳು, ಮತ್ತೆ ಕಾರ್ಡು ನೋಡಿದಳು.

“ಅಮ್ಮಾ, ಇದು ನಿಮ್ಮ ಕಾರ್ಡಲ್ಲ.”

ಅವರದು ಖಾತೆ ತೆರೆದ ದಿನವೇ ಕವರಿನಲ್ಲಿ ಹಾಕಿ ಕೊಡುವ ಕಾರ್ಡು, ಮೇಲೆ ಹೆಸರಿರುವುದಿಲ್ಲ. ಬಣ್ಣ ಒಂದೇ, ಬ್ಯಾಂಕು ಒಂದೇ. ಹದಿನಾರು ಅಂಕಿಯನ್ನು ಯಾರು ಬಾಯಿಪಾಠ ಮಾಡಿಕೊಂಡಿರುತ್ತಾರೆ? ಅಂಗಡಿಯವನು ಇವರ ಕಾರ್ಡು ಇಟ್ಟುಕೊಂಡು, ಅಂಥದ್ದೇ ಹಳೆಯ ಕಾರ್ಡೊಂದನ್ನು ಕೈಗೆ ಕೊಟ್ಟಿದ್ದ. ಪಿನ್ನು ಇವರೇ ಕೂಗಿ ಕೊಟ್ಟಿದ್ದರು. ದುಡ್ಡು ತೆಗೆದದ್ದು ಶಿರಾದ ಒಂದು ಎಟಿಎಂನಲ್ಲಿ, ಆಮೇಲೆ ತುಮಕೂರಿನಲ್ಲಿ. ಆ ಎರಡು ದಿನ ಜ್ಯೋತಿಲಕ್ಷ್ಮಿ ಬೀದಿಯ ಕೊನೆಗೂ ಹೋಗಿರಲಿಲ್ಲ.

“ಹಂಗಾರೆ ಇದು ಯಾರ್ದಮ್ಮ?”

“ಹೆಸ್ರು ಹೇಳೋ ಹಂಗಿಲ್ಲ. ಬುಕ್ಕಾಪಟ್ಟಣದ ಬ್ರಾಂಚಿಂದು, ಇದನ್ನೂ ಬಂದ್ ಮಾಡ್ಸಿದಾರೆ. ನೀವು ಪೊಲೀಸರಿಗೆ ಕಂಪ್ಲೇಂಟ್ ಕೊಡಿ.”

ಶಿರಾ ಠಾಣೆಗೆ ಕಂಪ್ಲೇಂಟ್ ಕೊಟ್ಟು ಮನೆಗೆ ಬಂದು ಸೊಸೆಯ ಕೈ ಹಿಡಿದು ಹೇಳಿದರು. “ಕಾರ್ಡೇ ಅದಲುಬದಲಾಗೈತೆ ಕಣಮ್ಮ. ನಂದು ತಪ್ಪಾಯ್ತು. ಆ ಅಂಗಡಿ ಮುಂಡೇದ್ರ ಮಾತು ಕೇಳಿ ನನ್ ಬುದ್ಧಿ ಮಣ್ಣು ತಿಂತು.”

“ಹೌದಾ ಅತ್ತೆ. ಸದ್ಯ, ಗೊತ್ತಾಯ್ತಲ್ಲ” ಅಂದಳು ಜ್ಯೋತಿ. ಅವಳ ಮುಂದೆ ಮೊರದಲ್ಲಿ ಅಕ್ಕಿ ಇತ್ತು, ಕಲ್ಲು ಆರಿಸುವುದನ್ನು ಮುಂದುವರಿಸಿದಳು. ಬೈದಿದ್ದರೆ, ಅತ್ತಿದ್ದರೆ ಸರ್ವಮಂಗಳಮ್ಮನಿಗೆ ಸಮಾಧಾನವಾಗುತ್ತಿತ್ತು.

ಆಗಲೇ ಅವರು ತೀರ್ಮಾನಿಸಿದ್ದು. ಆ ಮಾತು ಆಡಿದ ಬಾಯೇ ಬಂದು ಈ ಹುಡುಗಿಯ ಮುಂದೆ ಅದನ್ನು ವಾಪಸ್ಸು ತಗೊಳ್ಳಬೇಕು. ಅದೂ ಸೀಮಂತದ ಒಳಗೆ. ಕಳ್ಳಿ ಅನ್ನಿಸಿಕೊಂಡ ಭಾರ ಹೊತ್ತುಕೊಂಡು ಅವಳು ತವರಿಗೆ ಹೋಗಕೂಡದು.

ವಾರದ ರಜೆಯಲ್ಲಿ ಬುಕ್ಕಾಪಟ್ಟಣಕ್ಕೆ ಹೋದರು. ಬಸ್ಸು ಇಳಿದು ಹೋಟೆಲಿನಲ್ಲಿ, “ಕಾರ್ಡಲ್ಲಿ ದುಡ್ಡು ಕಳ್ಕಂಡೋರು ಯಾರಾರ ಅವ್ರಾ ಊರಾಗೆ” ಎಂದಿದ್ದೇ ಸಾಕಾಯಿತು. ಊರಿಗೆಲ್ಲ ಗೊತ್ತಿದ್ದ ಸುದ್ದಿ. ಅಲ್ಲಿಂದ ಹೊಲದ ದಾರಿಯಲ್ಲಿ ಒಂದು ಮನೆ ತೋರಿಸಿದರು. ಚಿಕ್ಕನರಸಯ್ಯ ಎಂಬ ಮುದುಕರು ಕಡಲೆಕಾಯಿ ಸುಲಿಯುತ್ತ ಕೂತಿದ್ದರು. ಎರಡು ತಿಂಗಳ ಹಿಂದೆ ಅದೇ ಅಂಗಡಿಯಲ್ಲಿ ಫ್ಯಾನು ತಂದಿದ್ದರಂತೆ. ಅವರಿಗೆ ಗುಂಡಿ ಒತ್ತಲು ಬರುವುದಿಲ್ಲ, ಬಿಲ್ಲಿಂಗಿನವನೇ ಕೇಳಿ ಒತ್ತಿಕೊಂಡನಂತೆ. ಕುರಿ ಮಾರಿದ ದುಡ್ಡು ಹೋಯಿತು.

“ಅಂಗಡಿಗೆ ಹೋಗಿ ಕೇಳಿಲ್ವಾ ಯಜಮಾನ್ರೇ?”

“ಕೇಳ್ದೆ ಕಣವ್ವ. ಟೈ ಕಟ್ಕಂಡಿದ್ದ ಒಬ್ಬ. ಮನೇಲಿ ಯಾರವ್ರೆ ಅಂದ. ಮಗಳವಳೆ, ಗಂಡ ಸತ್ತು ನನ್ನತ್ರನೇ ಅವಳೆ ಅಂದೆ. ಹಂಗಾದ್ರೆ ಅವಳ್ನೇ ಕೇಳು ತಾತ ಅಂದ.”

“ಕೇಳುದ್ರಾ?”

ಮುದುಕರು ಕಡಲೆಕಾಯಿ ಬಿಟ್ಟು ಕೈ ಒರೆಸಿಕೊಂಡರು. “ಬರೀ ಕೇಳಿದ್ರೆ ಅದೊಂದು ಮಾತು. ಬಾಯಿಗ್ ಬಂದಂಗೆ ಬೈದ್ಬುಟ್ಟೆ. ಓಬಳಮ್ಮ ಅವತ್ತೇ ಮದಲೂರಿಗೆ ಹೊಂಟೋದ್ಲು, ಅವಳ ನಾದಿನಿ ಮನೆಗೆ. ಅಲ್ಲಿ ಕೂಲಿ ಮಾಡ್ಕಂಡವಳೆ.”

ಸರ್ವಮಂಗಳಮ್ಮ ಚೀಲದಿಂದ ಕಾರ್ಡು ತೆಗೆದು ಅವರ ಕೈಗಿಟ್ಟರು. “ಇದು ನಿಮ್ದು.” ಚಿಕ್ಕನರಸಯ್ಯನವರ ಬಳಿಯೂ ಒಂದು ಕಾರ್ಡಿತ್ತು, ತಮ್ಮದೇ ಎಂದು ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಎರಡನ್ನೂ ಹಿಡಿದು ಅಲ್ಲಿನ ಬ್ಯಾಂಕಿಗೆ ಹೋದರೆ, ಸರ್ವಮಂಗಳಮ್ಮ ತಂದದ್ದೇ ಅವರದ್ದು. ಡಬ್ಬಿಯಲ್ಲಿದ್ದದ್ದು ಇನ್ಯಾರದೋ. ಆ ಮೂರನೆಯ ಮನೆಯಲ್ಲಿ ಯಾರ ಪರ್ಸು ಸುರಿಸಿದ್ದಾರೋ, ಯಾರನ್ನು ಹೊರಗೆ ಹಾಕಿದ್ದಾರೋ. ದುಡ್ಡು ಕದಿಯುವವನು ದುಡ್ಡು ಕದ್ದ, ಅವನು ಕಳ್ಳ. ಕಳ್ಳನನ್ನು ಮುಚ್ಚಿಡುವುದಕ್ಕೆ, ತನ್ನ ವ್ಯಾಪಾರಕ್ಕೆ ಮಸಿ ಹತ್ತಬಾರದು ಎಂದು, ಬಂದವರ ಮನೆ ಹೆಣ್ಣುಮಕ್ಕಳ ಮೇಲೆ ಬೆರಳು ತೋರಿಸುವವನನ್ನು ಏನೆಂದು ಕರೆಯಬೇಕು? ಅವನಿಗೆ ತಿಂಗಳಿಗೆ ಸಂಬಳ, ಎದೆಯ ಮೇಲೆ ಹೆಸರಿನ ಬಿಲ್ಲೆ, ‘ನಿಮ್ಮ ಸೇವೆಯಲ್ಲಿ’ ಎಂದು ಕೆಳಗೆ ಬರೆದಿರುತ್ತದೆ.

ಇಬ್ಬರೂ ಕೂಡಿ ಶಿರಾಕ್ಕೆ ಬಂದರು. ಈ ಸಲ ಸರ್ವಮಂಗಳಮ್ಮ ಬಾಯಿ ಕಟ್ಟಿಕೊಳ್ಳಲಿಲ್ಲ. ನಡು ಅಂಗಡಿಯಲ್ಲಿ ನಿಂತು, ಟಿವಿಗಳ ಸದ್ದನ್ನೂ ಮೀರಿ, ಎರಡು ಮನೆಯಲ್ಲಿ ಏನಾಯಿತು ಎಂದು ಬಿಡದೆ ಹೇಳಿದರು. ಫ್ರಿಜ್ಜು ನೋಡಲು ಬಂದಿದ್ದ ಒಂದು ಕುಟುಂಬ ಸದ್ದಿಲ್ಲದೆ ಹೊರಗೆ ಹೋಯಿತು. ಗೌರೀಶನ ಮುಖ ಬಿಳಿಚಿಕೊಂಡಿತು.

“ಮೇಡಂ, ಆ ಹುಡುಗ ಕೆಲಸ ಬಿಟ್ಟು ಹೋಗಿದಾನೆ. ಅವನು ನಮ್ಮ ಕಂಪನಿ ಸ್ಟಾಫೇ ಅಲ್ಲ, ಏಜೆನ್ಸಿಯಿಂದ ಬಂದೋನು. ನಮ್ಗೂ ಅವನಿಗೂ ಸಂಬಂಧ ಇಲ್ಲ.”

“ನಿನ್ ಅಂಗಡೀಲಿ ನಿನ್ ಶರ್ಟ್ ಹಾಕ್ಕಂಡು ನಿನ್ ಬಿಲ್ ಕೊಟ್ಟೋನು ನಿಂಗ್ ಸಂಬಂಧ ಇಲ್ಲ. ನಮ್ಮನೇಲಿ ಅನ್ನ ಬೇಯ್ಸೋ ಹುಡುಗಿ ಮಾತ್ರ ಕಳ್ಳಿ, ಅಲ್ವೇನಪ್ಪ? ದುಡ್ಡಿನ ವಿಚಾರ ಪೊಲೀಸ್ನೋರು ನೋಡ್ಕಳ್ಳಿ, ನಾನದಕ್ಕೆ ಬಂದಿಲ್ಲ. ನೀನು ನಮ್ಮನೆಗೆ ಬಾ. ನನ್ ಸೊಸೆ ಮುಂದೆ ನಿಂತ್ಕಂಡು, ನಾನ್ ಹಂಗಂದಿದ್ದು ತಪ್ಪು ತಾಯಿ ಅನ್ನು. ಆಮೇಲೆ ಮದಲೂರಿಗೆ ಹೋಗಿ ಇವರ ಮಗಳ ಮುಂದೆ ಅನ್ನು. ಬಸ್ ಚಾರ್ಜು ನಾನೇ ಕೊಡ್ತೀನಿ.”

“ಹಂಗೆಲ್ಲ ಕಸ್ಟಮರ್ ಮನೆಗೆ ಹೋಗೋಕೆ ಪಾಲಿಸೀಲಿ ಬರಲ್ಲ ಮೇಡಂ.”

“ಕಸ್ಟಮರ್ ಮನೆ ಮುರಿಯೋಕೆ ಬರುತ್ತಾ ಪಾಲಿಸೀಲಿ?”

ಗೌರೀಶ್ ಫೋನು ಕಿವಿಗೆ ಇಟ್ಟುಕೊಂಡು ಒಳಗೆ ಹೋದವನು ಮತ್ತೆ ಹೊರಗೆ ಬರಲಿಲ್ಲ.

ಪೊಲೀಸರು ಕೇಳಿದ ಮೇಲೆ ಹೆಡ್ ಆಫೀಸಿನ ಪರ್ಮಿಷನ್ ಒಂದೇ ದಿನಕ್ಕೆ ಬಂತು. ಕ್ಯಾಮೆರಾದಲ್ಲಿ ಆ ಬಿಲ್ಲಿಂಗಿನವನು ಬಾಗಿಲ ಬಳಿ ಕಾರ್ಡು ಬದಲಿಸುವುದು ಸ್ಪಷ್ಟವಾಗಿ ಇತ್ತು. ತುಮಕೂರಿನಲ್ಲಿ ಸಿಕ್ಕಿಬಿದ್ದ. ಅವನ ರೂಮಿನಲ್ಲಿ ಇನ್ನೂ ಕಾರ್ಡುಗಳು ಸಿಕ್ಕವು. ದುಡ್ಡಿನಲ್ಲಿ ಅರ್ಧದಷ್ಟು ಉಳಿದಿತ್ತಂತೆ, ಕೋರ್ಟಿನ ಮೂಲಕ ಬರಬೇಕು. ಚಿಕ್ಕನರಸಯ್ಯ ಮಾರನೆಯ ದಿನವೇ ಮದಲೂರಿಗೆ ಹೋದರು ಎಂದು ಶಂಕರಲಿಂಗಪ್ಪ ಸುದ್ದಿ ತಂದ. ಮಗಳು ಜೊತೆಗೆ ಬಂದಳೋ ಇಲ್ಲವೋ ಎಂದು ಕೇಳುವ ಧೈರ್ಯ ಸರ್ವಮಂಗಳಮ್ಮನಿಗೆ ಆಗಲಿಲ್ಲ.

ಅಂಗಡಿಯಿಂದ ಒಂದು ಕವರು ಬಂತು. ಆದ ಅನಾನುಕೂಲಕ್ಕೆ ವಿಷಾದವಿದೆ ಎಂದು ಇಂಗ್ಲಿಷಿನಲ್ಲಿ ಎರಡು ಸಾಲು, ಜೊತೆಗೆ ಒಂದು ಕೂಪನ್ನು. ಮುಂದಿನ ಸಲ ಇಪ್ಪತ್ತು ಸಾವಿರದ ಮೇಲೆ ಕೊಂಡರೆ ಒಂದು ಸಾವಿರ ಕಡಿತವಂತೆ. ಅನಾನುಕೂಲ ಅಂತೆ. ಸರ್ವಮಂಗಳಮ್ಮ ಅದನ್ನು ಓದಿಸಿ ಕೇಳಿ, ನೀರು ಕಾಯಿಸುವ ಒಲೆಗೆ ಹಾಕಿದರು.

ಸೀಮಂತ ಸಣ್ಣದಾಗಿಯೇ ನಡೆಯಿತು, ಡಿಪೋದವರ ಹತ್ತಿರ ಕೈಗಡ ತಂದು. ಗೌರೀಶ್ ಬರಲಿಲ್ಲ. ಬರುತ್ತಾನೆಂದು ಯಾರೂ ಕಾದಿರಲಿಲ್ಲ, ಸರ್ವಮಂಗಳಮ್ಮ ಒಬ್ಬರು ಆಗಾಗ ಬೀದಿ ನೋಡುತ್ತಿದ್ದರು. ಕೊನೆಗೆ ಅವರೇ ಕೊರಟಗೆರೆಯ ಬೀಗರ ಮುಂದೆ ಎಲ್ಲ ಹೇಳಿದರು, ತಾನು ಕೇಳಿದ್ದು, ಹುಡುಗಿ ಪರ್ಸು ಸುರಿದದ್ದು, ಒಂದನ್ನೂ ಬಿಡದೆ. ಜ್ಯೋತಿಯ ತಾಯಿ ತಲೆ ತಗ್ಗಿಸಿ ಕೇಳಿದರು. “ದೊಡ್ಡೋರು, ಹೋಗ್ಲಿ ಬುಡಿ” ಅಂದರು.

ಕಾರು ಬಾಗಿಲಿಗೆ ಬಂತು. ಬ್ಯಾಂಕಿನಿಂದ ಹೊಸ ಕಾರ್ಡು ಬಂದಿತ್ತು, ಈ ಸಲ ಮೇಲೆ ಹೆಸರಿತ್ತು. ಸರ್ವಮಂಗಳಮ್ಮ ಅದನ್ನು ಕುಂಕುಮದ ತಟ್ಟೆಯಲ್ಲಿಟ್ಟು ಸೊಸೆಯ ಮುಂದೆ ಹಿಡಿದರು. “ಇಟ್ಕ ಜ್ಯೋತಿ. ಸಂಬಳ ಬಿದ್ದೈತೆ. ಮಗೀಗೆ, ನಿಂಗೆ ಏನ್ ಬೇಕೋ ತಗ. ಪಿನ್ನು ನೀನು ಹುಟ್ಟಿದ ಇಸವೀನೇ ಹಾಕ್ಸಿವ್ನಿ.”

ಜ್ಯೋತಿ ತಟ್ಟೆಯಿಂದ ಕುಂಕುಮ ತೆಗೆದುಕೊಂಡು ಹಣೆಗಿಟ್ಟುಕೊಂಡಳು.

“ಕಾರ್ಡು ನಿಮ್ಮತ್ರನೇ ಇರ್ಲಿ ಅತ್ತೆ” ಅಂದಳು. “ಕೋಪ ಏನಿಲ್ಲ. ಇನ್ನೊಂದ್ಸಲ ಯಾರಾದ್ರೂ ಕೇಳ್ಬುಟ್ರೆ ನಂಗೆ ತಡ್ಕಳಕ್ಕಾಗಲ್ಲ.”

ಬಗ್ಗಲಾಗದ ಹೊಟ್ಟೆಯಲ್ಲೇ ಬಗ್ಗಿ ಅತ್ತೆಯ ಕಾಲು ಮುಟ್ಟಿ, ಹೋಗಿ ಕಾರಿನಲ್ಲಿ ಕೂತಳು.